ಓದುಗರ ಪ್ರಶ್ನೆ, ತೋಟದ ಉತ್ತರ: ಹಸಿರುಮನೆಯ ದ್ರಾಕ್ಷಿಯಲ್ಲಿ ಸೊಪ್ಪು ಹೇರಳ, ಗೊಂಚಲು ಮಾತ್ರ ಇಲ್ಲ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು, ನಾಲೆ ಬಯಲಿನ ಕಬ್ಬು–ಭತ್ತದ ಜಮೀನು. ದೊಣ್ಣೆ ಮೆಣಸಿನಕಾಯಿಗೆಂದು ಹಾಕಿಸಿದ್ದ ಹತ್ತು ಗುಂಟೆಯ ಪಾಲಿಹೌಸ್ ಖಾಲಿ ಬಿದ್ದಿತ್ತು. ಅದರ ಒಂದು ಬದಿಯಲ್ಲಿ ಮೂರು ವರ್ಷದ ಹಿಂದೆ ವಿಜಯಪುರದ ಕಡೆಯಿಂದ ತಂದ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ಸಸಿಗಳನ್ನು ನೆಟ್ಟೆ. ಬಳ್ಳಿ ತಂತಿಯ ಮೇಲೆ ಚೆನ್ನಾಗಿ ಹಬ್ಬಿದೆ. ಇಂಗ್ಲೆಂಡಿನವರೊಬ್ಬರು ತಮ್ಮ ಗಾಜಿನ ಮನೆಯಲ್ಲಿ ದ್ರಾಕ್ಷಿ ಸವರುವ ವಿಡಿಯೊ ನೋಡಿ, ಅವರು ಹೇಳಿದಂತೆಯೇ ಡಿಸೆಂಬರ್ ಕೊನೆಯಲ್ಲಿ ಪ್ರತಿ ಕಡ್ಡಿಯನ್ನೂ ಎರಡು ಕಣ್ಣು (ಚಿಗುರು ಒಡೆಯುವ ಮೊಗ್ಗು) ಬಿಟ್ಟು ಕತ್ತರಿಸಿದೆ. ಹೋದ ವರ್ಷವೂ ಹಾಗೆಯೇ ಮಾಡಿದ್ದೆ. ಎರಡು ಸಲವೂ ಸೊಪ್ಪು ಕಾಡಿನಂತೆ ಬೆಳೆಯಿತೇ ಹೊರತು ಒಂದು ಗೊಂಚಲೂ ಕಾಣಲಿಲ್ಲ. ಎಲೆ ಸುಡಬಾರದೆಂದು ಪಾಲಿಥೀನ್ ಹಾಳೆಯ ಕೆಳಗೆ ಹಸಿರು ನೆರಳು ಪರದೆಯನ್ನೂ ಕಟ್ಟಿದ್ದೇನೆ. ತಳಿಯೇ ಬಂಜೆಯೇ? ಬಳ್ಳಿಯನ್ನು ಕಿತ್ತು ಹಾಕಲೇ?

ಉತ್ತರ: ದಯವಿಟ್ಟು ಕೀಳಬೇಡಿ. ಮೂರು ವರ್ಷದ ಬಳ್ಳಿ ಇಷ್ಟು ಹುಲುಸಾಗಿ ಹಬ್ಬಿದೆ ಎಂದರೆ ಬೇರು ಗಟ್ಟಿಯಾಗಿದೆ, ಸಸಿಯಲ್ಲಿ ದೋಷವಿಲ್ಲ ಎಂದೇ ಅರ್ಥ. ತೊಂದರೆ ಇರುವುದು ಎರಡು ಕಡೆ. ಒಂದು, ನೀವು ಡಿಸೆಂಬರಿನಲ್ಲಿ ಎರಡು ಕಣ್ಣಿಗೆ ಇಳಿಸಿದ್ದು. ಇನ್ನೊಂದು, ಮೇಲೆ ಕಟ್ಟಿದ ಹಸಿರು ಪರದೆ. ಕತ್ತರಿಯ ವಿಷಯವನ್ನು ಮಾತ್ರ ನೀವು ಕೇಳಿದ್ದೀರಿ, ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಷ್ಟ ಮಾಡಿರುವುದು ಪರದೆ. ಅದೊಂದು ಉಳಿದರೆ ಎಷ್ಟು ಕಣ್ಣಿಗೆ ಸವರಿದರೂ ಫಲ ಕಾಣುವುದು ಕಷ್ಟ.

ಮೊದಲು ವಿಡಿಯೊ ವಿಚಾರ. ಅದರಲ್ಲಿ ಹೇಳಿದ್ದು ಸುಳ್ಳಲ್ಲ, ಆ ಊರಿಗೆ ಮತ್ತು ಆ ತಳಿಗೆ ಅದು ಸರಿಯಾದ ವಿಧಾನವೇ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆಯನ್ನೆಲ್ಲ ಉದುರಿಸಿ ಪೂರ್ತಿ ನಿದ್ರೆಗೆ ಹೋಗುತ್ತದೆ. ಆಗ ವರ್ಷಕ್ಕೊಮ್ಮೆ ಸವರಿದರೆ ಸಾಕು. ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಗಾಜಿನ ಮನೆಯಲ್ಲಿ 1768ರಲ್ಲಿ ನೆಟ್ಟ ಬ್ಲ್ಯಾಕ್ ಹ್ಯಾಂಬರ್ಗ್ ತಳಿಯ ಬಳ್ಳಿಯೊಂದು ಇಂದಿಗೂ ಕಾಯಿ ಬಿಡುತ್ತಿದ್ದು, ಅದನ್ನು ಪ್ರತಿ ಚಳಿಗಾಲದಲ್ಲಿ ಗಿಡ್ಡ ಮೋಟುಗಳಿಗೆ ಸವರುತ್ತಾರೆ. ಆ ತಳಿಯಲ್ಲಿ ಕಡ್ಡಿಯ ಬುಡದ ಕಣ್ಣುಗಳೇ ಫಲ ಹೊರುತ್ತವೆ, ಆದ್ದರಿಂದ ಎರಡು ಕಣ್ಣು ಸಾಕಾಗುತ್ತದೆ. ನಿಮ್ಮ ಥಾಮ್ಸನ್ ಸೀಡ್‌ಲೆಸ್ ಹಾಗಲ್ಲ. ಅದರ ಬುಡದ ಕಣ್ಣುಗಳು ಬಹುಮಟ್ಟಿಗೆ ಬರಿದು, ಫಲದ ಕಣ್ಣುಗಳು ಕಡ್ಡಿಯ ಮಧ್ಯಭಾಗದಲ್ಲಿ ಇರುತ್ತವೆ. ಎರಡು ಕಣ್ಣಿಗೆ ಕತ್ತರಿಸಿದಾಗ, ಇದ್ದಿರಬಹುದಾದ ಫಲವನ್ನೂ ನೀವು ಕಡ್ಡಿಯ ಜೊತೆಗೆ ಗುಡ್ಡೆ ಹಾಕಿ ಸುಟ್ಟಿರುತ್ತೀರಿ.

ನಮ್ಮ ಮಂಡ್ಯ–ಮೈಸೂರಿನ ಹವೆಯಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ನಾವೇ ಕತ್ತರಿಯಿಂದ ಅದಕ್ಕೊಂದು ಋತುಚಕ್ರವನ್ನು ಕಟ್ಟಿಕೊಡಬೇಕು. ವಿಜಯಪುರದ ಬೆಳೆಗಾರರನ್ನು ಕೇಳಿದರೆ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡನ್ನು ಹೇಳುತ್ತಾರೆ; ಚಾಟ್ನಿ ಎಂದರೆ ಬಳ್ಳಿ ಸವರುವುದು. ಏಪ್ರಿಲ್‌ನದು ಕಡ್ಡಿ ಬೆಳೆಸಿಕೊಳ್ಳಲು, ಅಕ್ಟೋಬರ್‌ನದು ಆ ಕಡ್ಡಿಯಿಂದ ಹಣ್ಣು ಪಡೆಯಲು. ಏಪ್ರಿಲ್‌ನಲ್ಲಿ ಒಂದೆರಡು ಕಣ್ಣಿಗೆ ಇಳಿಸುತ್ತಾರೆ, ಅಕ್ಟೋಬರ್‌ನಲ್ಲಿ ಕಡ್ಡಿಯನ್ನು ಉದ್ದವಾಗಿ ಉಳಿಸಿಕೊಂಡು ತುದಿಯನ್ನಷ್ಟೇ ತೆಗೆಯುತ್ತಾರೆ. ಇದನ್ನು ಗಮನಿಸಿದರೆ, ನೀವು ಡಿಸೆಂಬರಿನಲ್ಲಿ ಮಾಡಿದ್ದು ನಮ್ಮ ಲೆಕ್ಕದಲ್ಲಿ ಏಪ್ರಿಲ್ ಕೆಲಸವೆಂದು ತಿಳಿಯುತ್ತದೆ. ಅದರ ಮುಂದಿನ ಅರ್ಧವನ್ನು ಮಾಡಲೇ ಇಲ್ಲ. ಹಿಪ್ಪುನೇರಳೆಯನ್ನು ನೆಲಮಟ್ಟಕ್ಕೆ ಸವರಿದರೆ ಹುಳುವಿಗೆ ಬೇಕಾದಷ್ಟು ಸೊಪ್ಪು ಬರುವಂತೆ, ನಿಮ್ಮ ದ್ರಾಕ್ಷಿಯೂ ಸೊಪ್ಪನ್ನೇ ಕೊಟ್ಟಿತು.

ಈಗ ಪರದೆಗೆ ಬರೋಣ. ಬರುವ ಬೆಳೆಯ ಗೊಂಚಲು ಸವರಿದ ಮೇಲೆ ಹುಟ್ಟುವುದಲ್ಲ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ, ಎಳೆಯ ಕಡ್ಡಿಯ ಕಣ್ಣಿನೊಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೊಳಕೆಯಾಗಿ ರೂಪುಗೊಂಡಿರುತ್ತದೆ. ಏಪ್ರಿಲ್‌ನಲ್ಲಿ ಸವರಿದ ಸುಮಾರು ನಲವತ್ತನೆಯ ದಿನದಿಂದ ಅರವತ್ತನೆಯ ದಿನದವರೆಗೆ ಈ ಕೆಲಸ ನಡೆಯುತ್ತದೆ. ಸ್ವಾರಸ್ಯವೆಂದರೆ, ಗೊಂಚಲಾಗುವುದೂ ತಂತಿಗೆ ಸುತ್ತಿಕೊಳ್ಳುವ ಕುಡಿಬಳ್ಳಿಯಾಗುವುದೂ ಮೂಲದಲ್ಲಿ ಒಂದೇ ಬಗೆಯ ಮೊಳಕೆ. ಕಣ್ಣಿನ ಮೇಲೆ ಒಳ್ಳೆಯ ಬೆಳಕು ಬಿದ್ದು, ಹವೆ ಬೆಚ್ಚಗಿದ್ದು, ಬಳ್ಳಿಯಲ್ಲಿ ಸಾಕಷ್ಟು ಆಹಾರ ಶೇಖರಣೆಯಾಗಿದ್ದರೆ ಅದು ಗೊಂಚಲಿನ ಕಡೆಗೆ ತಿರುಗುತ್ತದೆ, ನೆರಳಿನಲ್ಲಿ ಕುಡಿಬಳ್ಳಿಯಾಗಿಬಿಡುತ್ತದೆ. ನಿಮ್ಮ ಬಳ್ಳಿಯ ಹತ್ತಿರ ಹೋಗಿ ಹೊಸ ಚಿಗುರನ್ನು ಕೈಯಲ್ಲಿ ಹಿಡಿದು ನೋಡಿ. ಬುಡದಿಂದ ಮೂರನೆಯ ಅಥವಾ ನಾಲ್ಕನೆಯ ಎಲೆಯ ಎದುರು ಬದಿಯಲ್ಲಿ ಗೊಂಚಲು ಇರಬೇಕಾದ ಜಾಗದಲ್ಲಿ ಎರಡು ಕವಲಾಗಿ ಒಡೆದ ಹಸಿರು ದಾರ ಕಾಣುತ್ತದೆ. ಅಪರೂಪಕ್ಕೆ ಆ ದಾರದ ಒಂದು ಕವಲಿನಲ್ಲಿ ಸಾಸಿವೆಯಷ್ಟು ದಪ್ಪದ ನಾಲ್ಕಾರು ಮೊಗ್ಗುಗಳೂ ಇರುವುದುಂಟು. ಗೊಂಚಲಾಗಲು ಹೊರಟು ಅರ್ಧಕ್ಕೇ ನಿಂತದ್ದು ಅದು. ಧೂಳು ಹಿಡಿದ ಪಾಲಿಥೀನ್ ಹಾಳೆ, ಅದರ ಕೆಳಗೆ ಹಸಿರು ಪರದೆ, ಅದರ ಕೆಳಗೆ ಬಳ್ಳಿಯದೇ ದಟ್ಟ ಎಲೆ, ಹೀಗೆ ಮೂರು ಪದರದ ನೆರಳಿನಲ್ಲಿ ಕಣ್ಣುಗಳು ಬರಿದಾಗದೆ ಇರಲು ಸಾಧ್ಯವಿಲ್ಲ.

ಆದ್ದರಿಂದ ಈ ಮಾರ್ಚ್ ತಿಂಗಳಲ್ಲೇ ಪರದೆಯನ್ನು ಪೂರ್ತಿ ಬಿಚ್ಚಿಬಿಡಿ. ಹಾಳೆಯನ್ನು ನೀರಿನಿಂದ ತೊಳೆಯಿರಿ. ಹಳದಿಗಟ್ಟಿ ಮಬ್ಬಾಗಿದ್ದರೆ ಬದಲಿಸುವುದು ಒಳ್ಳೆಯದು. ಎಲೆ ಸುಡುತ್ತದೆ ಎಂಬ ನಿಮ್ಮ ಹೆದರಿಕೆಗೆ ಕಾರಣ ಬಿಸಿಲಲ್ಲ, ಮುಚ್ಚಿದ ಮನೆಯೊಳಗಿನ ಕಾವು. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದಾಗ ಮುಚ್ಚಿದ ಪಾಲಿಹೌಸಿನೊಳಗೆ 40 ದಾಟುವುದು ಸಾಮಾನ್ಯ. ಅದಕ್ಕೆ ಉಪಾಯ ನಾಲ್ಕೂ ಬದಿಯ ಪರದೆಗಳನ್ನು ಮೇಲಕ್ಕೆ ಸುತ್ತಿ ಗಾಳಿಯಾಡಲು ಬಿಡುವುದು. ನಿಜ ಹೇಳಬೇಕೆಂದರೆ ದ್ರಾಕ್ಷಿಗೆ ನಮ್ಮಲ್ಲಿ ಹಸಿರುಮನೆ ಬೇಕಾಗಿಲ್ಲ, ಮಳೆ ತಡೆಯುವ ಒಂದು ಮಾಡು ಇದ್ದರೆ ಸಾಕು. ಆ ಮಾಡಿನಿಂದ ನಿಮಗೆ ಆಗುವ ಲಾಭ ಮಾತ್ರ ದೊಡ್ಡದು: ನಮ್ಮ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸುರಿಯುತ್ತದೆ, ಬಯಲಿನ ತೋಟದಲ್ಲಿ ಸವರಿದ ನಂತರದ ಎಳೆ ಚಿಗುರಿಗೆ ಆಗಲೇ ಬೂಜು ರೋಗ ಹತ್ತುತ್ತದೆ. ಎಲೆಯ ಮೇಲೆ ನೀರು ನಿಲ್ಲದಿದ್ದರೆ ಆ ರೋಗ ಅಷ್ಟಾಗಿ ಬಾಧಿಸುವುದಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಎಲ್ಲ ಕಡ್ಡಿಗಳನ್ನೂ ಒಂದು ಕಣ್ಣು, ಹೆಚ್ಚೆಂದರೆ ಎರಡು ಕಣ್ಣು ಬಿಟ್ಟು ಸವರಿ. ಈಗಿರುವ ಕಡ್ಡಿಗಳಲ್ಲಿ ಫಲ ಇರಬಹುದೇ ಎಂಬ ಆಸೆ ಇದ್ದರೆ ಮೂಲೆಯ ಬಳ್ಳಿಯೊಂದರಲ್ಲಿ ಎರಡು ಕಡ್ಡಿಗಳನ್ನು ಉದ್ದವಾಗಿ ಬಿಟ್ಟು ನೋಡಿ, ಉಳಿದವನ್ನು ಕಾಯಿಸಬೇಡಿ. ತಿಂಗಳ ಮೊದಲ ವಾರವೆಂದು ಒತ್ತಿ ಹೇಳಲು ಕಾರಣವಿದೆ. ಆಗ ಸವರಿದರೆ, ಮೇಲೆ ಹೇಳಿದ ನಲವತ್ತರಿಂದ ಅರವತ್ತು ದಿನದ ಅವಧಿ ಮೇ ತಿಂಗಳ ಎರಡನೆಯ ವಾರದಿಂದ ಕೊನೆಯವರೆಗೆ, ಅಂದರೆ ಮುಂಗಾರು ಮೋಡ ಕವಿಯುವ ಮುನ್ನ, ಒಳ್ಳೆಯ ಬಿಸಿಲಿನಲ್ಲಿ ಮುಗಿಯುತ್ತದೆ. ಮೇ ತಿಂಗಳಿಗೆ ತಳ್ಳಿದರೆ ಅದೇ ಅವಧಿ ಜೂನ್–ಜುಲೈನ ಮೋಡದ ದಿನಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪರದೆಯನ್ನು ಬಿಚ್ಚಿದ ಲಾಭದಲ್ಲಿ ಒಂದಷ್ಟು ಮೋಡಕ್ಕೆ ಹೋಗುತ್ತದೆ.

ಹತ್ತು–ಹನ್ನೆರಡು ದಿನಗಳಲ್ಲಿ ಚಿಗುರು ಒಡೆಯುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳುವ ಆಸೆ ಬೇಡ. ನಾಲ್ಕೈದು ಎಲೆಯಾದಾಗ ಬಳ್ಳಿಯ ತೋಳಿನ (ತಂತಿಯ ಮೇಲೆ ಹಬ್ಬಿದ ದಪ್ಪ ಕೊಂಬೆಯ) ಉದ್ದಕ್ಕೂ ಅಂಗೈ ಅಗಲಕ್ಕೊಂದರಂತೆ ಒಳ್ಳೆಯ ಚಿಗುರನ್ನು ಬಿಟ್ಟು ಉಳಿದವನ್ನು ಕೈಯಿಂದಲೇ ಮುರಿದು ತೆಗೆಯಿರಿ. ಉಳಿದ ಚಿಗುರು ಏಳೆಂಟು ಎಲೆಗೆ ಬಂದಾಗ ಏಳನೆಯ ಎಲೆಯ ಮೇಲೆ ತುದಿ ಚಿವುಟಬೇಕು. ಆಗ ಆ ತುದಿಯ ಕಂಕುಳಿನಿಂದ ಮರಿಗವಲು ಹೊರಡುತ್ತದೆ. ಅದೂ ಐದು ಎಲೆ ಬಿಟ್ಟಾಗ ಮತ್ತೆ ಚಿವುಟಿ. ಹೀಗೆ ಮಾಡಿದ ಕಡ್ಡಿಯಲ್ಲಿ ಒಂದು ಗಂಟು ಕಾಣಿಸುತ್ತದೆ. ಥಾಮ್ಸನ್ ಜಾತಿಯಲ್ಲಿ ಫಲದ ಕಣ್ಣುಗಳು ಹೆಚ್ಚಾಗಿ ಈ ಗಂಟಿನ ಆಸುಪಾಸಿನಲ್ಲೇ ಸೇರಿಕೊಳ್ಳುತ್ತವೆ, ಆದ್ದರಿಂದ ಅಕ್ಟೋಬರ್‌ನಲ್ಲಿ ಎಲ್ಲಿ ಕತ್ತರಿಸಬೇಕೆಂಬ ಲೆಕ್ಕವೂ ಸುಲಭವಾಗುತ್ತದೆ. ಬುಡದ ಮತ್ತು ಪಕ್ಕದ ಬೇಡದ ಚಿಗುರುಗಳನ್ನು ಆಗಾಗ ತೆಗೆಯುತ್ತಿರಿ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರೆ ಎಲೆಗಳ ನಡುವೆ ಬೆಳಕಿನ ಚುಕ್ಕೆಗಳು ಕಾಣಬೇಕು, ಕಾಣದಿದ್ದರೆ ಇನ್ನೂ ತೆಗೆಯುವುದಿದೆ ಎಂದೇ ಲೆಕ್ಕ.

ಈ ಅವಧಿಯ ನೀರು–ಗೊಬ್ಬರದ ಬಗ್ಗೆ ನಾಲೆ ಬಯಲಿನ ರೈತರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಕಬ್ಬಿಗೆ ಯೂರಿಯಾ ಚೆಲ್ಲುವ ಕೈಯಲ್ಲಿ ದ್ರಾಕ್ಷಿಗೂ ಚೆಲ್ಲಬಾರದು. ಸವರಿದ ಹೊಸತರಲ್ಲಿ ಕೊಟ್ಟಿಗೆ ಗೊಬ್ಬರದ ಜೊತೆಗೆ ಸ್ವಲ್ಪ ಸಾರಜನಕ ಕೊಡಬಹುದು. ಮುಂದೆ ಮೇ ತಿಂಗಳಿಡೀ ಅದನ್ನು ನಿಲ್ಲಿಸಿ, ನೀರನ್ನೂ ಎಲೆ ಬಾಡದಷ್ಟಕ್ಕೆ ಇಳಿಸಿ. ನೀರೂ ಸಾರಜನಕವೂ ಹೆಚ್ಚಾದರೆ ಬಳ್ಳಿ ಉದ್ದಕ್ಕೆ ಓಡುತ್ತದೆಯೇ ಹೊರತು ಕಣ್ಣು ತುಂಬುವುದಿಲ್ಲ. ರಂಜಕವನ್ನು ಈ ಹಂತದಲ್ಲೂ, ಪೊಟ್ಯಾಷನ್ನು ಕಡ್ಡಿ ಬಲಿಯುವ ಜುಲೈ–ಆಗಸ್ಟ್‌ನಲ್ಲೂ ಮಣ್ಣು ಪರೀಕ್ಷೆಯ ವರದಿ ನೋಡಿ ಕೊಡಿ. ಪಾಲಿಹೌಸ್ ಪಕ್ಕದಲ್ಲೇ ಭತ್ತದ ಗದ್ದೆ ಇದ್ದರೆ ಬೇರಿನ ಕಡೆಗೆ ಜೌಗು ನುಗ್ಗದಂತೆ ಒಂದು ಬಸಿಗಾಲುವೆ ತೆಗೆಸುವುದು ಅಗತ್ಯ.

ಸೆಪ್ಟೆಂಬರ್ ವೇಳೆಗೆ ಕಡ್ಡಿ ಹಸಿರಿನಿಂದ ಕಂದಿಗೆ ತಿರುಗಿರಬೇಕು. ಆಗ ಎಷ್ಟು ಕಣ್ಣಿಗೆ ಸವರಬೇಕೆಂದು ಯಾರನ್ನೂ ಕೇಳದೆ ನೀವೇ ಕಂಡುಕೊಳ್ಳುವ ಒಂದು ಪರೀಕ್ಷೆಯಿದೆ. ದ್ರಾಕ್ಷಿ ಸೀಮೆಯಲ್ಲಿ ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟು. ಮನೆಯಲ್ಲಿ ಅದಕ್ಕಿಂತ ಸರಳವಾದ ದಾರಿ ಇದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೇರೆ ಬೇರೆ ಬಳ್ಳಿಗಳಿಂದ ಪೆನ್ಸಿಲ್ ದಪ್ಪದ ನಾಲ್ಕೈದು ಬಲಿತ ಕಡ್ಡಿಗಳನ್ನು ಕತ್ತರಿಸಿ ತನ್ನಿ. ಪ್ರತಿಯೊಂದನ್ನೂ ಒಂದೊಂದೇ ಕಣ್ಣಿನ ತುಂಡುಗಳಾಗಿ ಮಾಡಿ, ಬುಡದಿಂದ ಎಷ್ಟನೆಯ ಕಣ್ಣು ಎಂಬುದನ್ನು ಚೀಟಿ ಅಂಟಿಸಿ ಗುರುತಿಡಿ. ತಟ್ಟೆಯೊಂದರಲ್ಲಿ ಒದ್ದೆ ಮರಳು ತುಂಬಿ, ಒಂದನೆಯ ಕಣ್ಣುಗಳು ಒಂದು ಸಾಲಿಗೆ, ಎರಡನೆಯವು ಮುಂದಿನ ಸಾಲಿಗೆ, ಹೀಗೆ ನೆಟ್ಟು ಬೆಳಕಿರುವ ಕಿಟಕಿಯ ಬಳಿ ಇಡಿ. ಮರಳು ಒಣಗಬಾರದು. ಸುಮಾರು ಮೂರು ವಾರಗಳಲ್ಲಿ ಕಣ್ಣುಗಳು ಒಡೆದು ಬೆರಳುದ್ದದ ಚಿಗುರು ಬರುತ್ತದೆ. ಕೆಲವು ಚಿಗುರುಗಳ ಎಲೆಗಳ ನಡುವೆ ಹಸಿರು ಮಣಿ ಪೋಣಿಸಿದಂತೆ ಪುಟ್ಟ ಗೊಂಚಲು ಇರುತ್ತದೆ, ಉಳಿದವುಗಳಲ್ಲಿ ಬರೀ ದಾರ. ಗೊಂಚಲು ಯಾವ ಸಾಲುಗಳಲ್ಲಿ ಹೆಚ್ಚು ಕಂಡಿತೋ ಆ ಕಣ್ಣುಗಳು ಉಳಿಯುವಂತೆ, ಅದಕ್ಕಿಂತ ಒಂದು ಕಣ್ಣು ಮೇಲೆ ಸವರಿದರಾಯಿತು. ಥಾಮ್ಸನ್‌ನಲ್ಲಿ ಇದು ಸಾಮಾನ್ಯವಾಗಿ ಆರರಿಂದ ಒಂಬತ್ತನೆಯ ಕಣ್ಣಿನ ನಡುವೆ ಬರುತ್ತದೆ, ಆದರೆ ನಿಮ್ಮ ಮನೆಯ ಬೆಳಕು, ನಿಮ್ಮ ಗೊಬ್ಬರಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದರಿಂದ ನನ್ನ ಅಂಕಿಗಿಂತ ತಟ್ಟೆಯ ಮರಳನ್ನೇ ನಂಬಿ. ಯಾವ ಸಾಲಿನಲ್ಲೂ ಗೊಂಚಲು ಕಾಣದಿದ್ದರೆ ಆ ವರ್ಷ ಫಲದ ಆಸೆಯಿಂದ ಖರ್ಚು ಮಾಡುವುದು ತಪ್ಪುತ್ತದೆ, ಅದೂ ಒಂದು ಲಾಭವೇ.

ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಸವರಿ. ಪೆನ್ಸಿಲ್ ದಪ್ಪದ, ಪೂರ್ತಿ ಕಂದಾದ ಕಡ್ಡಿಗಳನ್ನಷ್ಟೇ ಫಲಕ್ಕೆ ಬಿಡಬೇಕು. ಅದಕ್ಕಿಂತ ಸಣ್ಣವನ್ನು ಒಂದೆರಡು ಕಣ್ಣಿಗೆ ಇಳಿಸಿ. ಹೆಬ್ಬೆರಳಿನಂತೆ ಕೊಬ್ಬಿದ ಕಡ್ಡಿ ನೋಡಲು ಚೆನ್ನ, ಆದರೆ ಫಲಕ್ಕೆ ಅಷ್ಟಕ್ಕಷ್ಟೆ. ಕಣ್ಣಿನ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ನೀರು ಕಣ್ಣಿನ ಕಡೆಗೆ ಇಳಿಯದಂತೆ ಓರೆಯಾಗಿ, ಹರಿತವಾದ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಬಾಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ದಪ್ಪ ಗಾಯಗಳಿಗೆ ಬೋರ್ಡೊ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ. ಗಾಯದಿಂದ ಒಂದೆರಡು ದಿನ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಬೇರಿನ ಒತ್ತಡದಿಂದ ಬರುವ ಆ ರಸದಿಂದ ಬಳ್ಳಿಗೆ ನಷ್ಟವಿಲ್ಲ.

ಮುಂದಿನದು ಹೆಚ್ಚು ಕಷ್ಟವಲ್ಲ. ಚಿಗುರೊಂದಕ್ಕೆ ಒಂದೇ ಗೊಂಚಲು ಬಿಟ್ಟು, ಅದರ ಮೇಲೆ ಎಂಟು–ಹತ್ತು ಎಲೆಯಾದಾಗ ತುದಿ ಚಿವುಟಿ. ಸುಮಾರು ನಲವತ್ತು ದಿನಕ್ಕೆ ಹೂ ಅರಳುತ್ತದೆ. ಥಾಮ್ಸನ್‌ನ ಹೂವಿನಲ್ಲಿ ಗಂಡು–ಹೆಣ್ಣು ಎರಡೂ ಇರುವುದರಿಂದ ಜೇನು ಬೇಕಿಲ್ಲ, ಆದರೆ ಒಳಗೆ ಗಾಳಿಯಾಟ ಕಡಿಮೆಯಿದ್ದರೆ ಬೆಳಗಿನ ಹತ್ತರ ಹೊತ್ತಿಗೆ ತಂತಿಯನ್ನು ಮೆಲ್ಲಗೆ ಅಲುಗಿಸಿ. ಮೊದಲ ಫಸಲಿನಲ್ಲಿ ಬಳ್ಳಿಗೆ ಹದಿನೈದು–ಇಪ್ಪತ್ತು ಗೊಂಚಲಿಗಿಂತ ಹೆಚ್ಚು ಹೊರಿಸಬೇಡಿ. ಹೊರಿಸಿದರೆ ಹಣ್ಣು ಹುಳಿಯಾಗಿ ಉಳಿಯುವುದಲ್ಲದೆ ಮುಂದಿನ ವರ್ಷದ ಕಣ್ಣೂ ಸೊರಗುತ್ತದೆ. ಫೆಬ್ರವರಿ ಕೊನೆಗೆ ಕೊಯ್ಲಿಗೆ ಬರುತ್ತದೆ. ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಆದ್ದರಿಂದ ಗೊಂಚಲಿನ ತುತ್ತತುದಿಯ ಕಾಯಿಯನ್ನು ತಿಂದು ನೋಡಿ, ಅದು ಸಿಹಿಯಾದ ಮೇಲೆಯೇ ಕತ್ತರಿ ಹಾಕಿ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿಯ ಮೇಲೆ ಫೈಬರ್ ಶೀಟಿನ ಮಾಡಿನ ಕೆಳಗೆ, ದೊಡ್ಡ ಡ್ರಮ್ಮಿನಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಸಿದ್ದೇನೆ. ಕಾಯಿ ಬೇಕಾದಷ್ಟು ಬರುತ್ತದೆ, ಆದರೆ ಒಂದೇ ಗೊಂಚಲಿನಲ್ಲಿ ಕೆಲವು ಕಪ್ಪಾಗಿ, ಕೆಲವು ಹಸಿರಾಗಿಯೇ ಉಳಿಯುತ್ತವೆ. ಸವರುವುದರಿಂದ ಇದು ಸರಿಹೋಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಸರಿಹೋಗುತ್ತದೆ, ತಾಯಿ. ಒಂದೇ ಗೊಂಚಲು ಏರುಪೇರಾಗಿ ಹಣ್ಣಾಗುವುದು ಈ ತಳಿಯ ಹಳೆಯ ದೋಷ. ಕಾವು ಹೆಚ್ಚಾದಾಗ ಮತ್ತು ಹೊರೆ ಹೆಚ್ಚಾದಾಗ ಅದು ಎದ್ದು ಕಾಣುತ್ತದೆ. ನಿಮ್ಮಲ್ಲಿ ಎರಡೂ ಇವೆ. ಬೆಂಗಳೂರು ನೀಲಿಯ ಬುಡದ ಕಣ್ಣುಗಳೂ ಫಲ ಕೊಡುವುದರಿಂದ ಕಡ್ಡಿಯನ್ನು ನಾಲ್ಕೈದು ಕಣ್ಣಿಗೆ ಸವರಿದರೆ ಸಾಕು, ಥಾಮ್ಸನ್‌ನಂತೆ ಉದ್ದ ಬಿಡಬೇಕಾಗಿಲ್ಲ. ಕಡ್ಡಿಗಳ ಸಂಖ್ಯೆಯನ್ನೇ ಅರ್ಧಕ್ಕೆ ಇಳಿಸಿ. ಡ್ರಮ್ಮಿನೊಳಗಿನ ಬೇರು ಎಂಟು–ಹತ್ತು ಗೊಂಚಲನ್ನು ಚೆನ್ನಾಗಿ ಸಾಕೀತು, ಮೂವತ್ತನ್ನಲ್ಲ. ಈ ತಳಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುವವರಿದ್ದಾರೆ. ಡ್ರಮ್ಮಿನ ಬಳ್ಳಿಗೆ ಒಂದೇ ಬೆಳೆ ಲೇಸು. ಕಾಯಿ ಬಣ್ಣ ತಿರುಗುವ ಮುನ್ನ ಗೊಂಚಲಿನ ಸುತ್ತಲಿನ ಹಳೆಯ ಎಲೆಗಳನ್ನು ಒಂದೆರಡು ತೆಗೆದು ಗಾಳಿ ಆಡಲು ಬಿಡಿ, ಶೀಟಿಗೂ ಬಳ್ಳಿಗೂ ನಡುವೆ ಕನಿಷ್ಠ ಎರಡು ಅಡಿ ಅಂತರ ಇರಲಿ. ಬಣ್ಣ ಬರಿಸುವ ಔಷಧಿಗಳ ಗೋಜಿಗೆ ಮನೆಯಲ್ಲಿ ಹೋಗಬೇಡಿ.

ಪ್ರಶ್ನೆ: ಮಳೆ ಬೀಳದಂತೆ ಮಾಡು ಹಾಕಿದ್ದರೂ ನಮ್ಮ ದ್ರಾಕ್ಷಿಯ ಎಲೆ, ಕಾಯಿಗಳ ಮೇಲೆ ಬೂದಿ ಎರಚಿದಂತೆ ಬಿಳಿ ಪುಡಿ ಕಾಣುತ್ತಿದೆ. ಕಾಯಿ ಸೀಳುತ್ತಿವೆ. ಹೀಗೇಕೆ? (ಓದುಗರು, ನಂಜನಗೂಡು)

ಉತ್ತರ: ಇದು ಬೂದಿ ರೋಗ. ಬೂಜು ರೋಗಕ್ಕೆ ಎಲೆಯ ಮೇಲೆ ನೀರು ಬೇಕು, ಬೂದಿ ರೋಗಕ್ಕೆ ಬೇಡ. ಮಾಡಿನ ಕೆಳಗಿನ ನೆರಳು ಮತ್ತು ತೇವದ ಗಾಳಿಯೇ ಅದಕ್ಕೆ ಹಿತ. ಆದ್ದರಿಂದ ಮೊದಲ ಔಷಧಿ ಕತ್ತರಿಯೇ: ಒಳಗಿನ ಬೇಡದ ಚಿಗುರುಗಳನ್ನು ತೆಗೆದು ಬೆಳಕು ಬಿಡಿ, ರೋಗ ತಗುಲಿದ್ದನ್ನು ಸುಟ್ಟುಬಿಡಿ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಬಹುದು, ಆದರೆ ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಅದು ಎಲೆ ಸುಡುತ್ತದೆ. ಕೊಯ್ಲು ಹತ್ತಿರವಿದ್ದರೆ ಸಿಂಪಡಿಸಲೇಬೇಡಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ರೋಗದ ಎಲೆಯನ್ನು ಒಮ್ಮೆ ಅಲ್ಲಿ ತೋರಿಸಿ.

ಪ್ರಶ್ನೆ: ಸವರಿದ ಮರುದಿನ ಕಣ್ಣುಗಳಿಗೆ ಹೈಡ್ರೋಜನ್ ಸೈನಮೈಡ್ ಹಚ್ಚಿದರೆ ಎಲ್ಲ ಕಣ್ಣೂ ಒಟ್ಟಿಗೆ ಒಡೆಯುತ್ತವೆ ಎನ್ನುತ್ತಾರೆ. ಮನೆಯ ಹಿತ್ತಲಲ್ಲಿರುವ ಎರಡು ಬಳ್ಳಿಗೆ ಬಳಸಬಹುದೇ? (ಓದುಗರು, ಮದ್ದೂರು)

ಉತ್ತರ: ದೊಡ್ಡ ತೋಟಗಳಲ್ಲಿ ಬಳಸುತ್ತಾರೆ, ಫಲಿತಾಂಶವೂ ಇದೆ. ಆದರೆ ಅದು ಚರ್ಮವನ್ನು ಸುಡುವ ವಿಷ. ಅದರೊಂದಿಗೆ ಕೆಲಸ ಮಾಡಿದವರು ಆ ದಿನ ಅಥವಾ ಅದರ ಹಿಂದೆಮುಂದೆ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ಆಸ್ಪತ್ರೆ ಸೇರಬೇಕಾಗಬಹುದು. ಎರಡು ಬಳ್ಳಿಗಾಗಿ ಇಷ್ಟು ಅಪಾಯ ಬೇಡ. ಕಡ್ಡಿಯನ್ನು ನೆಟ್ಟಗೆ ಬಿಟ್ಟರೆ ತುದಿಯ ಕಣ್ಣು ಮಾತ್ರ ಓಡುತ್ತದೆ. ಸವರಿದ ಕೂಡಲೇ ಕಡ್ಡಿಯನ್ನು ಮೆಲ್ಲಗೆ ಬಾಗಿಸಿ ತುದಿ ಸ್ವಲ್ಪ ಕೆಳಮುಖವಾಗುವಂತೆ ತಂತಿಗೆ ಬಾಳೆನಾರಿನಿಂದ ಕಟ್ಟಿ. ಮಧ್ಯದ ಕಣ್ಣುಗಳೂ ಒಡೆಯುತ್ತವೆ. ಚಿಗುರು ಗೇಣುದ್ದವಾದ ಮೇಲೆ ಕಟ್ಟು ಬಿಚ್ಚಿ.